ಹಾಲು ಉಕ್ಕಿದ ಪಾಠ

ಕಮಲಾಪುರ
ರವಿವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಅಂಬಿಕಾ,

ಗಂಟಲಿನ ಹೊಲಿಗೆ ಹೇಗಿದೆ? ನುಂಗುವಾಗಿನ ನೋವು ಇಳಿದಿರಬೇಕು. ಕಸ್ತೂರಿ ವೈನಿ ನಿನ್ನ ಗಂಜಿಗೂ ಖಾರ ಹಾಕದೆ ಬಿಡುವವರಲ್ಲ; ಡಾಕ್ಟರ ಮಾತನ್ನು ನಿಮ್ಮಣ್ಣನಿಂದಲೇ ಹೇಳಿಸು, ನನ್ನ ಹೆಸರು ಬೇಡ. ಕೋಟನೂರಿನಲ್ಲಿ ಈಗ ಬೆಳಿಗ್ಗೆ ಚಳಿ ಬಿದ್ದಿರುತ್ತದೆ. ಕೊರಳಿಗೆ ಶಾಲು ಸುತ್ತಿಕೋ. ಫೋನ್ ಮಾಡಬಹುದಿತ್ತು. ಆದರೆ ಆ ಕಡೆ ನೀನು ಹೂಂ ಅನ್ನಲೂ ಆಗದೆ ಇರುವಾಗ ನಾನೊಬ್ಬನೇ ಮಾತಾಡುವುದು ಖಾಲಿ ಮನೆಯ ಬಾಗಿಲು ಬಡಿದ ಹಾಗೆ ಆಗುತ್ತದೆ. ಕಾಗದದಲ್ಲಿ ಇಬ್ಬರೂ ಸಮ. ಇಲ್ಲಿ ನಾನೂ ಸುಮ್ಮನೆಯೇ ಇರುತ್ತೇನೆ.

ನೀನು ಕೊಟ್ಟ ಸ್ವಯಂ ನಿವೃತ್ತಿಯ ಅರ್ಜಿ ತೆಗೆದುಕೊಂಡು ಶುಕ್ರವಾರ ನಿಮ್ಮ ಶಾಲೆಗೆ ಹೋಗಿದ್ದೆ. ಅಂದು ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು, ನಿಮ್ಮಣ್ಣನ ಮಗಳ ಪಾಟಿಯ ಮೇಲೆ ನೀನು ಬರೆದು ತೋರಿಸಿದ್ದು ನೆನಪಿದೆ: ‘ದನಿ ಇಲ್ಲದಾಕಿ ಸಾಲಿಗಿ ಹೋಗಿ ಏನ್ ಮಾಡ್ಲಿ?’ ಜಮೀನು ಅಳೆಯುವವನು ನಾನು; ಎರಡೂ ಕಡೆಯವರಿಂದ ಸ್ವಲ್ಪ ದೂರ ನಿಂತು ಸರಪಳಿ ಹಿಡಿಯುವುದು ರೂಢಿಯಾಗಿಬಿಟ್ಟಿದೆ, ಮನೆಯಲ್ಲೂ. ಅರ್ಜಿ ಜೇಬಿನಲ್ಲಿಟ್ಟುಕೊಂಡು ಹೊರಟೆ, ಅಷ್ಟೆ. ಹೆಡ್‌ಮಾಸ್ತರ ಶಿವಶರಣಪ್ಪನವರು ಯಾವುದೋ ಮೀಟಿಂಗಿಗೆ ಕಲಬುರಗಿಗೆ ಹೋದವರು ಬಂದಿರಲಿಲ್ಲ. ಜವಾನ ಮೈಬೂಬ ನನ್ನನ್ನು ನಿನ್ನ ಒಂಬತ್ತನೇ ಕ್ಲಾಸಿನಲ್ಲಿ ಕೂಡಿಸಿದ. ‘ಟೀಚರ್ ಖುರ್ಚಿ ಒಂದ ಖಾಲಿ ಅದ ನೋಡ್ರಿ ಸಾಹೇಬ್ರ’ ಅಂದ. ಆ ಖುರ್ಚಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ಹಿಂದಿನ ಬೆಂಚಿನ ತುದಿಗೆ ಕೂತೆ.

ಕ್ಲಾಸಿನಲ್ಲಿ ಯಾವ ಮಾಸ್ತರರೂ ಇರಲಿಲ್ಲ, ಆದರೂ ಕ್ಲಾಸು ನಡೆದಿತ್ತು. ನೀನು ಹಾಕಿಕೊಟ್ಟ ರೀತಿಯಲ್ಲೇ, ಒಂದು ಗುಂಪು ಪಾಠ ಹೇಳುವುದು, ಉಳಿದವರು ಕೇಳಿ ಕೇಳಿ ಅವರನ್ನು ಹೈರಾಣ ಮಾಡುವುದು. ನೆಟ್ ಇಲ್ಲದಿದ್ದರೂ ಪಾಠ ಕೊಡುವ ಆ ಸಣ್ಣ ಡಬ್ಬಿ ಕಿಟಕಿಯ ಮೇಲೆ ಹಸಿರು ದೀಪ ಮಿಟುಕಿಸುತ್ತಿತ್ತು. ಮಕ್ಕಳು ಟ್ಯಾಬ್‌ಗಳಲ್ಲಿ ಅದರೊಳಗಿನ ಮುಕ್ತ ಪಾಠಗಳನ್ನು ತೆರೆದಿದ್ದರು. ಯಾರು ಬೇಕಾದರೂ ತೆಗೆದುಕೊಂಡು, ತಿದ್ದಿ, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಇಡುವ ಪಾಠ ಎಂದು ನೀನು ಒಮ್ಮೆ ಹೇಳಿದಾಗ ನಾನು ಪೇಪರ್ ಓದುತ್ತಿದ್ದೆ. ಅದು ಏನೆಂದು ಈಗ ಕಂಡೆ. ಎಲ್ಲಿಯದೋ ಶಾಲೆಯವರು ಮಾಡಿದ್ದ ‘ಸಸ್ಯದ ಕಾಂಡ’ ಪಾಠದಲ್ಲಿ ಹಳದಿ ಬಾಳೆಯ ಚಿತ್ರವಿತ್ತಂತೆ. ಅದನ್ನು ತೆಗೆದು ನಮ್ಮ ಕಮಲಾಪುರದ ಕೆಂಪು ಬಾಳೆ ಹಾಕಿದ್ದಾರೆ. ರಾಜೇಶ್ರೀ ಎಂಬ ಹುಡುಗಿ, ಚಂದ್ರಶಾನ ಮಗಳು, ಅಪ್ಪನ ತೋಟದಿಂದ ಗೊನೆ ಕಡಿದ ಗಿಡದ ತುಂಡೊಂದನ್ನು ಹೊತ್ತು ತರಿಸಿದ್ದಳು. ನೆಲದ ಮೇಲೆ ಕೂತು ಪದರ ಪದರವಾಗಿ ಬಿಚ್ಚುತ್ತಿದ್ದರು. ಕ್ಲಾಸೆಲ್ಲ ನೀರು, ಕೈಗೆಲ್ಲ ಕರೆ. ನೀನಿದ್ದಿದ್ದರೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದೆ.

ಆಗ ಗೋಡೆಯ ಮೇಲಿನ ಸ್ಪೀಕರ್ ಪೆಟ್ಟಿಗೆಯಿಂದ ನಿನ್ನ ದನಿ ಬಂತು.

ಲಾಕ್‌ಡೌನಿನಲ್ಲಿ ನೀನು ಫೋನಿನಲ್ಲಿ ಪಾಠ ಹೇಳಿ ಮಕ್ಕಳಿಗೆ ಕಳಿಸುತ್ತಿದ್ದೆಯಲ್ಲ, ಅದರಲ್ಲೊಂದನ್ನು ರಾಜೇಶ್ರೀಯ ಅಕ್ಕ ಅಳಿಸದೆ ಇಟ್ಟುಕೊಂಡಿದ್ದಳಂತೆ. ಅದನ್ನೇ ಇವರು ತಮ್ಮ ಪಾಠಕ್ಕೆ ಜೋಡಿಸಿದ್ದಾರೆ. ತಿಂಗಳುಗಳಿಂದ ಒಡೆದ, ಗಾಳಿಯಷ್ಟೇ ಉಳಿದ ದನಿ ಕೇಳಿದ ನನಗೆ ನಿನ್ನ ಹಳೆಯ, ಇಡಿಯ ದನಿ ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು. ಬೆಂಚಿನ ಅಂಚು ಹಿಡಿದುಕೊಂಡೆ. ನೀನು ಹೇಳುತ್ತಿದ್ದೆ: ‘ಬಾಳಿ ಗಿಡದಾಗ ನಾವು ಕಾಂಡ ಅಂತ ತಿಳ್ಕೊಂಡದ್ದು ಕಾಂಡ ಅಲ್ಲ. ಮತ್ತ ಅದೇನು ಅಂದ್ರ...’ ಆಮೇಲೆ ಗಾಬರಿಯಲ್ಲಿ, ‘ಹಾಲ ಉಕ್ಕಾಕತ್ತಾವ ನೋಡ್ರಿ!’ ಅಲ್ಲಿಗೆ ಮುಗಿಯಿತು.

ನಾನು ನಗುವಷ್ಟರಲ್ಲಿ ಮಕ್ಕಳು ಗಂಭೀರವಾಗಿ ಅದನ್ನು ಬರೆದುಕೊಳ್ಳುತ್ತಿದ್ದರು. ಅವರು ಅದನ್ನೂ ಪಾಠವೆಂದೇ ಹಿಡಿದಿದ್ದಾರೆ, ಅಂಬಿಕಾ. ಶಫಿ ಎದ್ದು ನಿಂತು ಬಿಡಿಸಿ ಹೇಳಿದ: ‘ಹಾಲ ಉಕ್ಕಿದಾಗ ನಡುವಿಂದ ಮ್ಯಾಲ ಬರ್ತಾವ ಇಲ್ಲ? ಹಂಗ ಎಲಿ ನಡುವಿಂದ ಉಕ್ಕಿ ಬರ್ತಾದ. ಹಳೀದು ಹೊರಗ ಸರೀತದ, ಹೊಸಾದು ಒಳಗಿಂದ. ಇದೆಲ್ಲಾ ಎಲಿ ಬುಡ, ಕಾಂಡ ಅಲ್ಲ.’ ರಾಜೇಶ್ರೀ ಬಿಡಲಿಲ್ಲ. ಕೊನೆಯ ಪದರ ಕಿತ್ತು ಬೆಳ್ಳಗಿನ ದಿಂಡು ಎತ್ತಿ ಹಿಡಿದು, ‘ಹಂಗಾದ್ರ ಇದೇನು, ನಿಮ್ಮಪ್ಪನ ಲಾಠಿಯೇನು?’ ಅಂದಳು. ಅವನ ಅಪ್ಪ ಹೋಮ್ ಗಾರ್ಡ್. ಕ್ಲಾಸು ಘೊಳ್ಳೆಂದಿತು. ಸಲ್ಮಾನ್, ಕೈ ಎತ್ತಿಸಿ ಯಾರ ಕಡೆ ಜಾಸ್ತಿ ಮಂದಿಯೋ ಅದನ್ನೇ ಹಾಕೋಣ ಅಂದ. ಅದಕ್ಕೆ ಅವಳು, ‘ಎಲೆಕ್ಷನ್ ಅಲ್ಲೋ ಇದು. ನಾವು ತಪ್ಪ ಹಾಕಿದ್ರ ಊರೂರಾಗ ಅದೇ ತಪ್ಪ ಕಲೀತಾರ’ ಎಂದು ಗದರಿದಳು.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ‘ಸರ್, ನೀವು ಮನ್ಯಾಗ ಇರೋರು. ಮುಂದ ಟೀಚರ್ ಏನಂದ್ರು ನಿಮಗ ಗೊತ್ತಿರಬೇಕಲ್ಲ?’ ಶಫಿ ಕೇಳಿದ. ಮುಂದೆ ನೀನು ಏನಂದೆ ಎಂದು ನನಗೆ ಚೆನ್ನಾಗಿಯೇ ಗೊತ್ತು. ಒಲೆಯೆಲ್ಲ ಹಾಲಾಗಿತ್ತು, ನಾನು ಓಡಿಹೋಗಿ ಗ್ಯಾಸ್ ಆರಿಸುವಾಗ ನೀನು ಅಂದದ್ದನ್ನು ಒಂಬತ್ತನೇ ಕ್ಲಾಸಿಗೆ ಹೇಳಲಾಗದು. ಆದರೆ ಅದು ಬರೀ ಹಾಲು ಎಂದು ಹೇಳಲೂ ಬಾಯಿ ಬರಲಿಲ್ಲ. ಆ ಹಾಲು ಹಿಡಿದೇ ಹುಡುಗ ಎಲ್ಲಿಗೋ ಹತ್ತಿರ ಬಂದಿದ್ದಾನೆ ಅನ್ನಿಸುತ್ತಿತ್ತು. ಎಷ್ಟು ಹತ್ತಿರ ಎಂದು ಅಳೆಯುವ ಸರಪಳಿ ನನ್ನಲ್ಲಿಲ್ಲ. ‘ಅವರನ್ನೇ ಕೇಳಬೇಕು’ ಅಂದೆ. ‘ಅವರಿಗಿ ಮಾತಾಡ್ಲಿಕ್ಕ ಬರಲ್ಲಲ್ರಿ’ ಎಂದು ಮುಂದಿನ ಬೆಂಚಿನಿಂದ ಯಾರೋ ಮೆಲ್ಲಗೆ ಅಂದರು. ಅದಕ್ಕೆ ರಾಜೇಶ್ರೀ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ಮಾತ್ ಯಾಕ ಬೇಕೋ? ಮಾತ್ ನಾವೇ ಆಡ್ತೀವಲ್ಲ. ಟೀಚರ್ ಎಂದಾದ್ರೂ ಇದು ತಪ್ಪ ಅಂತ ಬಾಯಿಲೆ ಅಂದಾರೇನು? ಉಂಗುರಲೆ ಟೇಬಲ್ ಮ್ಯಾಲ ಎರಡ ಸಲ ಬಡೀತಿದ್ರು, ಅಷ್ಟ. ನಾವು ತಿರುಗಿ ವಿಚಾರ ಮಾಡ್ತಿದ್ವಿ.’

ಹೊರಗೆ ಶಿವಶರಣಪ್ಪನವರ ಗಾಡಿಯ ಸದ್ದಾಯಿತು. ನಾನು ಎದ್ದು ಬಂದೆ.

ಬೇರೆ ವಿಶೇಷವಿಲ್ಲ. ತುಳಸಿಗೆ ದಿನವೂ ನೀರು ಹಾಕುತ್ತಿದ್ದೇನೆ, ಅದಕ್ಕೆ ನನ್ನ ಮೇಲೆ ಅಷ್ಟು ನಂಬಿಕೆ ಬಂದಂತಿಲ್ಲ. ಹಾಲು ಕಾಯಿಸುವಾಗ ಅಲ್ಲಿಯೇ ನಿಲ್ಲುತ್ತೇನೆ. ನಿಮ್ಮಣ್ಣನಿಗೂ ವೈನಿಗೂ ಶರಣು ಹೇಳು, ಅವರ ಮಗಳ ಪಾಟಿ ಅವಳಿಗೆ ಹಿಂದಿರುಗಿಸು. ಶರಣಬಸವೇಶ್ವರ ನಿನ್ನನ್ನು ಬೇಗ ಗುಣಪಡಿಸಲಿ.

ನಿನ್ನ,
ಶಿವಲಿಂಗ

ತಾ.ಕ.: ಬಸ್ಸಿನವನು ಕಾಯುತ್ತಿದ್ದಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅರ್ಜಿ ಕೊಟ್ಟಿಲ್ಲ. ಕೊಡಲೇಬೇಕು ಅಂದರೆ ನೀನೇ ಬಂದು ಕೊಡು, ನಾನು ತಡೆಯುವುದಿಲ್ಲ. ಆದರೆ ಮೊದಲು ಆ ಕ್ಲಾಸಿಗೆ ಹೋಗು. ‘ಮತ್ತ ಅದೇನು ಅಂದ್ರ’ ಆದ ಮೇಲಿನ ಜಾಗವನ್ನು ಅವರು ಖಾಲಿ ಬಿಟ್ಟಿದ್ದಾರೆ. ನೀನು ನೋಡುವ ತನಕ ಪಾಠ ಯಾರಿಗೂ ಕಳಿಸುವುದಿಲ್ಲವಂತೆ. ಆಪರೇಷನ್ನಿಗೆ ಮೊದಲು ನೀನು ಬಿಚ್ಚಿ ಕೊಟ್ಟ ಉಂಗುರ ನನ್ನ ಹತ್ತಿರವೇ ಇದೆ. ನೀನು ಬರುವ ದಿನ ಬಸ್‌ಸ್ಟ್ಯಾಂಡಿಗೆ ತರುತ್ತೇನೆ.