ನಲವತ್ತೆಂಟರ ನಂತರ ಅರವತ್ತೈದು

ಅಕ್ಕಾ,

ಸಂಜೆ ಆರೂ ಹತ್ತು, ಶನಿವಾರ. ಬೆಳಿಗ್ಗೆ ಬೈಂಡಿಂಗ್ ಅಂಗಡಿಯಲ್ಲಿ ಯಾವುದೋ ಕಾಲೇಜಿನ ಹಾಜರಿ ಪುಸ್ತಕಗಳನ್ನು ಹೊಲಿದೆ. ಮಧ್ಯಾಹ್ನ ನಿನ್ನ ಮಗಳ ಕೈಗೆ ಸಿಕ್ಕಿಬಿದ್ದೆ. ಈಗ ಅನ್ನಕ್ಕಿಟ್ಟು ಬಂದು ಕೂತಿದ್ದೇನೆ. ಭಾವ ಬಸ್ ಡಿಪೋದಿಂದ ಬರಲು ಇನ್ನೂ ಎರಡು ಗಂಟೆ ಇದೆ. ಮಾನಸ ಒಳಗಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಾಳೆ. ನೀನು ಹೋದಾಗಿನಿಂದ ಈ ಡೈರಿಯಲ್ಲಿ ನಿನಗೆ ಎಷ್ಟೋ ಸಲ ಬರೆದಿದ್ದೇನೆ. ಇಷ್ಟು ಹೇಸಿಗೆಪಟ್ಟುಕೊಂಡು ಯಾವತ್ತೂ ಬರೆದಿರಲಿಲ್ಲ.

ಜನವರಿಯಲ್ಲಿ ಅವಳು ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದಳು. ಮೇಲೆ ‘ಈ ವರ್ಷ ಓದಿದ್ದು, ಇಷ್ಟವಾದದ್ದು’ ಎಂದು ಬರೆದಿದ್ದಳು. ಬಡಾವಣೆಯ ಲೈಬ್ರರಿಯಿಂದ ಅವಳ ವಯಸ್ಸಿನವರ ಕಾದಂಬರಿಗಳನ್ನು ತರುತ್ತಾಳೆ, ಓದಿ ಮುಗಿಸಿ ಆ ಹಾಳೆಯಲ್ಲಿ ನಕ್ಷತ್ರ ಹಾಕುತ್ತಾಳೆ. ನಾನೋ, ಹತ್ತನೇ ಕ್ಲಾಸಿನ ನಂತರ ಪುಸ್ತಕ ಹೊಲಿದವಳೇ ಹೊರತು ಓದಿದವಳಲ್ಲ. ‘ಅಷ್ಟು ಪುಸ್ತಕದ ಬೆನ್ನು ಸವರಿದೀಯ, ಒಂದರ ಮುಖಾನೂ ನೋಡಿಲ್ಲ’ ಅಂತ ನೀನೇ ಅಲ್ಲವೇ ನಗುತ್ತಿದ್ದದ್ದು? ಅವಳ ಹತ್ತಿರ ಮಾತಾಡಲು ಏನಾದರೂ ಬೇಕಿತ್ತು. ಅದಕ್ಕೇ ಅವಳು ಟ್ಯೂಷನ್‌ಗೆ ಹೋದಾಗ ಕೂತು ಓದತೊಡಗಿದೆ.

ಮೊದಲ ಪುಸ್ತಕದ ತಾಯಿ ನಗುತ್ತಾ ಸತ್ತಳು. ಎರಡನೆಯದರಲ್ಲಿ ಕಿಟಕಿಯಿಂದ ಎಳೆ ಬಿಸಿಲು, ದಿಂಬಿನ ತುಂಬ ಹರಡಿದ ಕಪ್ಪು ಕೂದಲು, ಮಗಳ ಕೈ ಹಿಡಿದು ಒಂದು ಚೆಂದದ ಮಾತು, ಆಮೇಲೆ ಸಾವು. ಇದನ್ನು ಬರೆದವರು ವಾರ್ಡಿನಲ್ಲಿ ಒಂದು ಹಗಲಾದರೂ ಕೂತಿದ್ದರೇ? ನಿನ್ನ ಗಂಟಲಲ್ಲಿ ಕಫದ ಗೊರಗೊರ ಸದ್ದು, ನಾನು ಬಟ್ಟೆ ಬದಲಾಯಿಸುವಾಗ ನೀನು ಗೋಡೆ ಕಡೆ ತಿರುಗಿಸಿಕೊಂಡ ಮುಖ, ಆ ಫಿನಾಯಿಲ್ ವಾಸನೆ... ಹರಡಲು ಕೂದಲಾದರೂ ಎಲ್ಲಿತ್ತು? ಕಥೆಯನ್ನು ಮುಂದಕ್ಕೆ ತಳ್ಳಲು ಅವರಿಗೆ ಒಂದು ಹೆಣ ಬೇಕು, ಅದೂ ನೋಡಲು ಲಕ್ಷಣವಾಗಿರಬೇಕು. ಇಲ್ಲಿಯವರೆಗೆ ಒಂಬತ್ತು ಓದಿದೆ, ನಾಲ್ಕರಲ್ಲಿ ತಾಯಿ ಸಾಯುತ್ತಾಳೆ. ನನಗೆ ಹಿಡಿಸಿದ್ದು ಒಂದೇ. ಅದರಲ್ಲಿ ಒಬ್ಬ ಅಜ್ಜಿ ಕೊನೆಯ ಪುಟದವರೆಗೂ ಗೊರಕೆ ಹೊಡೆಯುತ್ತಾ ಬದುಕಿರುತ್ತಾಳೆ. ಅದಕ್ಕೆ ನಿನ್ನ ಮಗಳು ಕೊಟ್ಟದ್ದು ಒಂದೇ ನಕ್ಷತ್ರ.

ಮೊದಲ ಪುಸ್ತಕ ಮುಗಿಸಿ ಅವಳು ಎರಡು ದಿನ ಬಾಯಿ ಬಿಡಲಿಲ್ಲ. ಎರಡನೆಯದನ್ನು ತಂದಾಗ, ರಟ್ಟು ಸಡಿಲವಾಗಿದೆ, ಸರಿಮಾಡಿ ತರುತ್ತೇನೆ ಎಂದು ಅಂಗಡಿಗೆ ಒಯ್ದೆ. ಹದಿನಾರು ಪುಟದ ಒಂದು ಮಡಿಕೆಯನ್ನು ನಾವು ಫಾರಂ ಅನ್ನುವುದು ನಿನಗೆ ಗೊತ್ತಲ್ಲ. ಬೆನ್ನಿನ ದಾರ ಬಿಚ್ಚಿ, ತಾಯಿ ಸಾಯುವ ಫಾರಂ ತೆಗೆದು, ಉಳಿದದ್ದನ್ನು ಮತ್ತೆ ಹೊಲಿದು, ಅಂಟು ಹಚ್ಚಿ ಭಾರ ಇಟ್ಟೆ. ಊಟದ ಬಿಡುವಿನಲ್ಲೇ ಕೆಲಸ ಮುಗಿಯಿತು. ಹೀಗೆ ಮೂರು ಪುಸ್ತಕಕ್ಕೆ ಮಾಡಿದೆ. ಸಾವು ಹದಿನಾರು ಪುಟಕ್ಕೆ ಸರಿಯಾಗಿ ಕೂರುವುದಿಲ್ಲ ಅಕ್ಕಾ. ಒಂದರಲ್ಲಿ ತಾಯಿ ಮಗಳಿಗೆ ಸೈಕಲ್ ಕಲಿಸುವ ಪುಟಗಳೂ ಜೊತೆಗೇ ಹೋದವು. ಹೋದರೆ ಹೋಗಲಿ ಅಂದುಕೊಂಡೆ. ತೆಗೆದದ್ದನ್ನು ಎಸೆಯಲು ಮಾತ್ರ ಕೈ ಬರಲಿಲ್ಲ. ಟ್ರಂಕಿನಲ್ಲಿ ನಿನ್ನ ಕಾಟನ್ ಸೀರೆಗಳ ಕೆಳಗಿಟ್ಟೆ.

ಇವತ್ತು ಸ್ಕೂಲು ಮಧ್ಯಾಹ್ನಕ್ಕೇ ಬಿಟ್ಟಿತ್ತು. ಯೂನಿಫಾರಂನಲ್ಲೇ ನೆಟ್ಟಗೆ ಅಂಗಡಿಯೊಳಕ್ಕೆ ಬಂದಳು. ತನ್ನ ಕಾರ್ಡು, ಗೆಳತಿಯ ಕಾರ್ಡು ಎರಡರಲ್ಲೂ ಆ ಮೂರು ಪುಸ್ತಕಗಳನ್ನು ಮತ್ತೆ ತಂದಿದ್ದಳು. ನನ್ನ ಮುಂದೆ ಸಾಲಾಗಿ ಇಟ್ಟಳು.

“ಉಳಿದ ಪುಟ ಕೊಡಿ” ಅಂದಳು. ಯಾವತ್ತೂ ನನ್ನನ್ನು ನೀನು ಅನ್ನುವವಳು.

ಅಂಗಡಿಯ ಮೇಸ್ತ್ರಿ ಕನ್ನಡಕ ಏರಿಸಿಕೊಂಡು ಬಂದರು. ಅವಳು ಅವರಿಗೇ ಬಿಚ್ಚಿ ತೋರಿಸಿದಳು. ಒಂದರಲ್ಲಿ ನಲವತ್ತೆಂಟಾದ ಮೇಲೆ ಅರವತ್ತೈದು. ಇನ್ನೆರಡರಲ್ಲೂ ಹೀಗೇ ಹದಿನಾರು ಪುಟ ಹಾರಿದೆ. ಲೈಬ್ರರಿಯದೇ ತಪ್ಪು ಅಂದುಕೊಂಡಿದ್ದಳಂತೆ, ಮೂರನೆಯದರಲ್ಲಿ ಹೊಲಿಗೆ ಕಾಣುವವರೆಗೆ. ಅವಳ ನೋಟ್‌ಬುಕ್ಕುಗಳಿಗೆ ನಾನು ಹಾಕುವ ಅದೇ ನೀಲಿ ದಾರ, ಕೊನೆಗೆ ಎರಡು ಗಂಟು. ಪುಟ ಬಚ್ಚಿಟ್ಟವಳಿಗೆ ದಾರ ಬದಲಾಯಿಸಬೇಕೆಂದು ಹೊಳೆಯಲಿಲ್ಲ, ನೋಡು.

ಮೇಸ್ತ್ರಿ ಪುಸ್ತಕದ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು. “ಹೊಲಿಗೆ ನೀಟಾಗಿದೆ ಸರೋಜಮ್ಮ. ಆಪರೇಷನ್ ಯಾವಾಗಿಂದ ಶುರು ಮಾಡಿದ್ರಿ?” ಹಾಳೆ ಮಡಿಸುವ ಹೆಂಗಸರೆಲ್ಲ ನಕ್ಕರು. ಮಾನಸ ನಗಲಿಲ್ಲ. ಆಮೇಲೆ ಅವರು ಅಂಗಡಿಯ ಬೀಗದ ಕೈಯನ್ನು ನನ್ನ ಮುಂದಿಟ್ಟು, ಸೋಮವಾರದೊಳಗೆ ಇದನ್ನೆಲ್ಲ ಮೊದಲಿನ ಹಾಗೆ ಮಾಡಿಡಿ ಎಂದು ಹೇಳಿ ಹೋದರು.

ಮನೆಗೆ ಬರುವ ದಾರಿಯಲ್ಲಿ ಮಾರ್ಕೆಟ್ ಬಸ್ಸುಗಳ ಗಲಾಟೆಯ ನಡುವೆ ನಾನೇ ಶುರುಮಾಡಿದೆ. ನಿನಗೆ ನೋವಾಗುತ್ತೆ ಅಂತ ನಾನು... ಅಷ್ಟಕ್ಕೇ ಅವಳು ನಿಂತಳು.

“ಆ ಬುಕ್ಕಲ್ಲಿ ಅಮ್ಮ ಕೆಮ್ತಿದ್ಲು. ಮುಂದಿನ ಪುಟದಲ್ಲಿ ಮಗಳು ದೋಣೀಲಿ ಕೂತಿದಾಳೆ. ಮಧ್ಯ ಏನಾಯ್ತು? ಆವತ್ತೂ ಹೀಗೇ ಮಾಡಿದ್ರಿ. ಬೆಳಿಗ್ಗೆ ಆಸ್ಪತ್ರೇಲಿ ಅಮ್ಮ ಕೆಮ್ತಿದ್ಲು, ಟೆಸ್ಟ್ ತಪ್ಪಿಸ್ಬೇಡ ಅಂತ ನನ್ನ ಕಳಿಸಿದ್ರಿ. ಸಂಜೆ ಬಂದ್ರೆ ಮನೆ ಮುಂದೆ ಶಾಮಿಯಾನ.”

ಅವಳು ಮತ್ತೆ ನಡೆಯತೊಡಗಿದಳು.

“ಪುಸ್ತಕದಲ್ಲಾದ್ರೂ ಮಧ್ಯದ್ದು ಇರುತ್ತೆ ಅಂತ ತರೋದು. ಬುರುಡೆ ಅಂತ ನನಗೂ ಗೊತ್ತು. ಬುರುಡೆನಾದ್ರೂ ಇರ್ಲಿ.”

ಆ ಮಂಗಳವಾರ ಹನ್ನೊಂದು ಗಂಟೆಗೂ ಮುಂಚೆ ನೀನು ಎರಡು ಸಲ ಕೇಳಿದೆ, ‘ಸ್ಕೂಲು ಬಿಡ್ತಾ?’ ಎಂದು. ಬಿಡ್ತು, ಬರ್ತಿದಾಳೆ ಅಂದೆ. ನೀನು ಬಾಗಿಲ ಕಡೆ ತಿರುಗಿದೆ. ಅಕ್ಕಾ, ಅದು ಸುಳ್ಳು. ಸ್ಕೂಲು ಬಿಟ್ಟಿರಲಿಲ್ಲ, ನಾನು ಯಾರಿಗೂ ಫೋನು ಮಾಡಿರಲಿಲ್ಲ. ಅಷ್ಟು ಬೇಗ ಹೋಗುತ್ತೀಯ ಅಂತ ನನಗೇನು ಗೊತ್ತಿತ್ತು ಎಂದು ಈವರೆಗೆ ನನಗೆ ನಾನೇ ಹೇಳಿಕೊಂಡು ಬಂದೆ. ಆದರೆ ಗೊತ್ತಿತ್ತು. ಅವಳು ನಿನ್ನನ್ನು ಆ ಸ್ಥಿತಿಯಲ್ಲಿ ನೋಡುವುದು ಬೇಡವೆಂದು ನಾನೊಬ್ಬಳೇ ತೀರ್ಮಾನ ಮಾಡಿಬಿಟ್ಟೆ. ಅಮ್ಮ ನನ್ನನ್ನು ಕೇಳಿದ್ಲಾ ಎಂದು ಅವಳು ಕೇಳಿದಾಗಲೆಲ್ಲ, ನಿದ್ದೆಯಲ್ಲೇ ಹೋದಳು ಎಂದೆ. ದಿಂಬಿನ ಮೇಲೆ ಕೂದಲು ಹರಡಿದವರಿಗೆ ಅಷ್ಟು ಬೈದೆನಲ್ಲ. ಅವರಿಗಿಂತ ನಾನು ಯಾವುದರಲ್ಲಿ ವಾಸಿ?

ಈಗ ತಾನೇ ಎದ್ದು ಹೋಗಿ ಬಾಗಿಲು ತಟ್ಟಿದೆ. ಪುಟಗಳು ಅಮ್ಮನ ಸೀರೆಯ ಕೆಳಗಿವೆ ಎಂದೆ. ಹೊರಗೆ ಬಂದು ಟ್ರಂಕು ತೆಗೆದಳು. ಬುದ್ಧನ ಪಟ, ಪಕ್ಕದಲ್ಲಿ ನಿನ್ನ ಫೋಟೊ ಇರುವ ಆ ಮೂಲೆಯಲ್ಲಿ ಗೋಡೆಗೊರಗಿ ಓದುತ್ತಿದ್ದಾಳೆ. “ದಿಂಬಿನ ಮೇಲೆ ಕೂದಲಂತೆ” ಎಂದು ಗೊಣಗಿದ್ದು ಕೇಳಿಸಿತು. ಆವತ್ತು ಅಮ್ಮ ನಿನ್ನನ್ನು ಕೇಳಿದ್ದಳು, ಎರಡು ಸಲ, ಎಲ್ಲವನ್ನೂ ಹೇಳುತ್ತೇನೆ ಎಂದೆ. ಹಾಳೆ ತಿರುಗಿಸುವ ಕೈ ನಿಂತಿತು. ತಲೆ ಎತ್ತಲಿಲ್ಲ.

“ಹೊಲೀತಾ ಹೇಳು. ನನ್ನ ಮುಖ ನೋಡ್ಬೇಡ.”

ನಾಳೆ ಭಾನುವಾರ. ಅಂಗಡಿಗೆ ರಜೆ, ಬೀಗದ ಕೈ ನನ್ನ ಹತ್ತಿರ ಇದೆ.