ಮಾದೇವಿಯ ಕಾರ್ಡಿನ ವಯಸ್ಸು

೧೭ ನವೆಂಬರ್, ಕಾರ್ತಿಕ ಸೋಮವಾರ

ಮಾದಪ್ಪನಿಗೆ ದೀಪ ಹಚ್ಚಿದರೂ ಮನಸ್ಸು ನಿಲ್ಲಲಿಲ್ಲ. ತಂಗಿ ಮಾದೇವಿಯ ಎದೆಯಲ್ಲಿರುವುದು ಕ್ಯಾನ್ಸರ್ ಗಂಟೆಂದು ಇವತ್ತು ಪೆನ್ನಾಗರಂ ಆಸ್ಪತ್ರೆಯಲ್ಲಿ ಹೇಳಿದರು. ಬೇಗ ಸಿಕ್ಕಿದೆ, ವಾಸಿಯಾಗುತ್ತದಂತೆ. ಚಿಕಿತ್ಸೆಗೆ ಇನ್ಶೂರೆನ್ಸ್ ಕಾರ್ಡು ಆಗುತ್ತದೆ. ರೋಗ ಇದೆಯೋ ಇಲ್ಲವೋ ಎಂದು ನೋಡಿಸುವುದಕ್ಕೆ ಮಾತ್ರ ಅದು ಆಗುವುದಿಲ್ಲ.

ಹೋದ ತಿಂಗಳ ಕ್ಯಾಂಪಿನಲ್ಲಿ ಐವತ್ತು ತುಂಬಿದವರಿಗಷ್ಟೇ ಪುಕ್ಕಟೆ ಎದೆ ಪರೀಕ್ಷೆ. ಮಾದೇವಿಗೆ ನಲವತ್ತಾರು. ಮದುವೆಗೆ ವಯಸ್ಸು ಸಾಲದೆಂದು ಅಪ್ಪ ಆಗ ಐದು ವರ್ಷ ಏರಿಸಿ ಬರೆಸಿದ್ದು ಆಧಾರ್‌ವರೆಗೂ ಬಂದಿದೆ. ನರ್ಸಮ್ಮ ಇಬ್ಬರ ಕಾರ್ಡೂ ನೋಡಿ, "ಏನಕ್ಕಾ, ನಿಮ್ ತಂಗಿ ನಿಮ್ಗಿಂತ ಮೊದ್ಲೇ ಹುಟ್ಟವ್ರಲ್ಲ" ಎಂದು ನಕ್ಕಳು.

"ಅವಳ್ಗೆ ಎಲ್ಲಾದ್ರಲ್ಲೂ ಅವಸರ ಕಣಮ್ಮ" ಎಂದೆ. ನಿಜ ಗೊತ್ತಿದ್ದೂ ಹೇಳಲಿಲ್ಲ. ಆ ಸುಳ್ಳು ವಯಸ್ಸಿನ ಮೇಲೆಯೇ ಮಾದೇವಿಗೆ ಪರೀಕ್ಷೆ ಆಯಿತು.

ನಮ್ಮ ಹಿಂದೆ ಪಕ್ಕದ ಮನೆಯ ಈರಮ್ಮ ನಿಂತಿದ್ದಳು. ಅವಳೂ ಮಾದೇವಿಯೂ ಒಂದೇ ವರ್ಷ, ಒಂದೇ ತಿಂಗಳಲ್ಲಿ ಹುಟ್ಟಿದವರು. ನಾಲ್ಕು ವರ್ಷ ಬಿಟ್ಟು ಬಾ ಎಂದು ಅವಳನ್ನು ಕಳಿಸಿದರು. "ಒಳ್ಳೇದಾಯ್ತು, ಕುರಿ ಬುಟ್ಬುಟ್ ಬಂದಿವ್ನಿ, ಓಯ್ತೀನಿ" ಎಂದು ನಗುತ್ತಲೇ ಹೋದಳು. ಅವಳ ಕಾರ್ಡಿನಲ್ಲಿ ನಿಜವೇ ಬರೆದಿತ್ತು.

ಸಂಜೆ ಬೇಲಿಯಾಚೆಯಿಂದ, "ಆಸ್ಪತ್ರೇಲಿ ಏನಂದ್ರಕ್ಕಾ?" ಎಂದು ಕೇಳಿದಳು. ನಾಳೆ ಹೇಳುತ್ತೇನೆಂದು ಒಳಗೆ ಬಂದೆ. ನಾಳೆ ಅವಳ ಮುಖ ನೋಡಿ ಏನು ಹೇಳಲಿ, ಮಾದಪ್ಪಾ?