ತಕಿಹಿ ಕಲಿಯಲು ಬಂದವನು

ಲಿಕು, ನಿಯುವೆ ದ್ವೀಪ
ಜೂನ್ 13, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ವಿಲಿಟಾಮ,

ಹೇಗಿದ್ದೀಯ? ಡಯಾಲಿಸಿಸ್ ಮಾಡಿಸಿಕೊಂಡ ದಿನ ಕಾಲು ಸೆಳೆತ ಬರುತ್ತದೆ ಎಂದಿದ್ದೆಯಲ್ಲ, ಈಗ ಸ್ವಲ್ಪ ಕಡಿಮೆಯಾಗಿದೆಯೇ? ಎಸೆತಾಳನ್ನು ಫೋನಿನಲ್ಲಿ ಏನು ಕೇಳಿದರೂ "ಅಪ್ಪ ಆರಾಮಾಗಿದ್ದಾರಮ್ಮ" ಅನ್ನುತ್ತಾಳೆ. ನಮ್ಮ ಮಗಳು ಹೀಗೆ ಒಂದೇ ಮಾತನ್ನು ಹಿಡಿದುಕೊಂಡಳೆಂದರೆ ಏನನ್ನೋ ಮುಚ್ಚಿಡುತ್ತಿದ್ದಾಳೆಂದೇ ಅರ್ಥ. ಅದಕ್ಕೇ ನೀನೇ ನಿನ್ನ ಕೈಯಾರೆ ಬರೆ. ಆಕ್ಲೆಂಡಿನಲ್ಲಿ ಈಗ ಚಳಿ ಶುರುವಾಗಿರಬೇಕು. ನಾನು ಕಳಿಸಿದ ದಪ್ಪ ಕಾಲುಚೀಲವನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ, ಹಾಕಿಕೋ. ನನ್ನ ಮಂಡಿ ಎಂದಿನಂತಿದೆ. ಕಪ್ಪು ಹಂದಿ ಮರಿ ಹಾಕಿದೆ. ನೀನು ಪ್ರತಿ ಸಲವೂ "ನೀನೂ ಬಂದುಬಿಡು, ಮೊಕಾ" ಎಂದು ಬರೆಯುತ್ತೀಯ. ಬರಲು ನನಗೇನು ಆಸೆಯಿಲ್ಲವೇ? ಆದರೆ ಈ ದ್ವೀಪದಲ್ಲಿ ಒಂದು ಮನೆಗೆ ಬೀಗ ಬಿದ್ದ ಸುದ್ದಿ ಆಕ್ಲೆಂಡಿಗೆ ಮುಟ್ಟಿದರೆ ಸಾಕು, ಹೆಸರೇ ಕೇಳಿರದ ವಾರಸುದಾರರೆಲ್ಲ ವಿಮಾನ ಹತ್ತುತ್ತಾರೆ. ಕುಟುಂಬದ ನೆಲ ಕಾಯುವ ಹೊಣೆ ನಿನ್ನ ಹೆಸರಿನಲ್ಲಿದೆ. ನೀನಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿರುವಾಗ ಇಲ್ಲಿ ಒಲೆ ಉರಿಸಲು ಒಬ್ಬರು ಬೇಡವೇ?

ಈಗ ವಿಷಯಕ್ಕೆ ಬರುತ್ತೇನೆ. ಟಿವಿಯಲ್ಲಿ ಅಡುಗೆ ಮಾಡುವ ಜಾರೆಡ್ ಎಂಬವನನ್ನು ನೀನು ಎಸೆತಾಳ ಮನೆಯಲ್ಲಿ ನೋಡಿಯೇ ಇರುತ್ತೀಯ, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡು ಈರುಳ್ಳಿಯನ್ನು ಕಣ್ಣು ಮುಚ್ಚಿ ಹೆಚ್ಚುವವನು. ಅವನು ತನ್ನ ಕ್ಯಾಮೆರಾದವರನ್ನು ಕಟ್ಟಿಕೊಂಡು ನಮ್ಮೂರಿಗೆ ಬಂದಿದ್ದಾನೆ. ಹಳೆಯ ಕಾಲದ ಅಡುಗೆಗಳನ್ನು ಹೊರಗಿನವರಿಗೆಲ್ಲ ತೋರಿಸುವ ಕಾರ್ಯಕ್ರಮವಂತೆ. ಊರಿಗೆ ಊರೇ ಕುಣಿದಾಡಿತು. ಪಾದ್ರಿಗಳು ಚರ್ಚಿನ ಬೇಲಿಗೆ ಸುಣ್ಣ ಹೊಡೆಸಿದರು. ಪಕ್ಕದ ಮನೆ ತಿವಾ ತಲೆಗೆ ಬಣ್ಣ ಹಚ್ಚಿಕೊಂಡಳು, ಪುಣ್ಯಾತ್ಗಿತ್ತಿ ಕಿವಿಗೂ ಸ್ವಲ್ಪ ಹಚ್ಚಿಕೊಂಡಳು. ಇಷ್ಟೆಲ್ಲ ಆದಮೇಲೆ ಆ ಹುಡುಗ ನೆಟ್ಟಗೆ ಬಂದು ನಿಂತದ್ದು ನಮ್ಮ ಅಂಗಳದಲ್ಲಿ. ನಮ್ಮ ಭಾಷೆಯಲ್ಲಿ ತಡವರಿಸಿಕೊಂಡು ನಮಸ್ಕಾರ ಹೇಳಿ, "ಅತ್ತೆ, ನಿಮ್ಮ ಮನೆಯ ತಕಿಹಿ ಕಲಿಸಿಕೊಡಿ" ಅಂದ. ತಕಿಹಿ ಮಾಡದ ಮನೆ ಈ ದ್ವೀಪದಲ್ಲಿ ಯಾವುದಿದೆ ಹೇಳು? ಕೆಸುವಿನ ಗಡ್ಡೆ, ಪರಂಗಿ ಹಣ್ಣು, ತೆಂಗಿನ ಹಾಲು, ಬಾಳೆಲೆ, ಅಷ್ಟೇ ತಾನೆ. ರಸ್ತೆ ಬದಿಯ ಮೊದಲ ಮನೆಯಲ್ಲೇ ಸಿಗುವುದಕ್ಕೆ ಊರ ಕೊನೆಯ ನಮ್ಮ ಮನೆಯವರೆಗೆ ಯಾಕೆ ಬಂದ? ಅದೂ ಅತ್ತೆ ಅಂತ ಕರೆದುಕೊಂಡು! ಆ ಕ್ಷಣವೇ ನನಗೆ ಸಂಶಯ ಹತ್ತಿತು.

ಕಲಿಸುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಪಾದ್ರಿಗಳು ಪಕ್ಕದಲ್ಲೇ ನಿಂತು ಹಲ್ಲು ಬಿಡುತ್ತಿದ್ದರು. ಆದರೆ ಒಂದು ಕಣ್ಣನ್ನು ಅವನ ಮೇಲೇ ಇಟ್ಟೆ. ಅಡುಗೆ ಕಲಿಯಲು ಬಂದವನು ಅಡುಗೆಮನೆಯಲ್ಲಿ ಇರಬೇಕೋ ಬೇಡವೋ? ಇವನು ಬಿಡುವು ಸಿಕ್ಕಾಗಲೆಲ್ಲ ಹಿತ್ತಿಲ ಆಚೆ ಅಲೆಯುತ್ತಿದ್ದ. "ಆ ಜೋಡಿ ತೆಂಗಿನ ಮರ ಯಾರದ್ದು, ಅತ್ತೆ?" "ಈ ಕಡೆ ಗೋಡೆ ಮೊದಲಿಂದ್ಲೂ ಇತ್ತಾ?" ಎಂದು ಕೇಳುತ್ತಿದ್ದ. ಒಂದು ಬೆಳಿಗ್ಗೆ ನೋಡುತ್ತೇನೆ, ರಸ್ತೆ ಪಕ್ಕದಲ್ಲಿರುವ ನಮ್ಮ ಸಮಾಧಿಗಳ ಹತ್ತಿರ ಮಂಡಿಯೂರಿ ಕುಳಿತು ನಿನ್ನ ಅಮ್ಮನ ಕಲ್ಲಿನ ಪಾಚಿಯನ್ನು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದಾನೆ! ಕ್ಯಾಮೆರಾ ಇರಲಿಲ್ಲ, ಅವನೊಬ್ಬನೇ. ಆ ಕಲ್ಲನ್ನು ಉಜ್ಜುವವಳು ನಾನು. ಬಕೆಟ್ಟನ್ನು ಅಲ್ಲೇ ಇಟ್ಟು ಬಂದೆ. ತಿವಾಳಿಗೆ ಹೇಳಿದೆ. ಮೊದಲು ಅವಳು "ಏನ್ ಕದ್ದಾನು ಬಿಡೇ, ನಿನ್ನ ಬಾಳೆಲೆನಾ?" ಎಂದು ನಕ್ಕಳು. ಸಮಾಧಿಯ ಸಂಗತಿ ಕೇಳಿದ ಮೇಲೆ ಅವಳೂ ಗಂಭೀರವಾದಳು. "ಅವ್ನು ಅಡುಗೆಯವ್ನಲ್ಲ ಕಣೇ, ಸರ್ವೆಯವ್ನು" ಅಂದಳು.

ಜೊತೆಗೆ ಬಂದಿರುವ ಫಿಲಿಪಾ ಎಂಬ ಬಿಳಿ ಹೆಂಗಸೇ ಇವರಿಗೆಲ್ಲ ಯಜಮಾನಿ. ಅವಳು ನನ್ನ ಫ್ರಿಜ್ಜಿಗೆ ಚಾಪೆ ಹೊದಿಸಿದಳು, ಗ್ಯಾಸ್ ಒಲೆಯನ್ನು ಹೊರಗಿಡಿಸಿದಳು, ನನ್ನ ಚಪ್ಪಲಿ ಬಿಚ್ಚಿಸಿದಳು. ನಾನು ಇಸ್ತ್ರಿ ಮಾಡಿ ಉಟ್ಟಿದ್ದ ಹೂವಿನ ಫ್ರಾಕು ನೋಡಿ, "ಇನ್ನೂ ಸ್ವಲ್ಪ ಹಳೇ ಕಾಲದ್ದು ಏನಾದ್ರೂ ಇದೆಯಾ?" ಅಂದಳು. "ನಾನೇ ಇದ್ದೀನಲ್ಲ" ಅಂದೆ. ಕ್ಯಾಮೆರಾ ಹಚ್ಚಿದ ಮೇಲೆ ದನಿ ಸಣ್ಣ ಮಾಡಿ, ಸಾವಿನ ಮನೆಗೆ ಬಂದವಳ ಹಾಗೆ ಕೇಳಿದಳು: "ಈ ಅಡುಗೆ ನಿಮ್ಮ ಜೊತೆಗೇ ಮುಗಿದುಹೋಗುತ್ತೆ ಅಂತ ಸಂಕಟ ಆಗುತ್ತಾ?" ನನಗೆ ರೇಗಿತು. "ನಾನೇನು ಇಲ್ಲಿ ಸಾಯೋಕೆ ಕೂತಿದ್ದೀನಾ? ಹೋದ ಭಾನುವಾರ ಚರ್ಚ್ ಬಿಟ್ಟ ಮೇಲೆ ಇಡೀ ಲಿಕು ಇದನ್ನೇ ತಿಂದಿದೆ. ಕಾಣೆಯಾಗಿರೋದು ಅಂದ್ರೆ ನಿನ್ನೆ ನಾನು ತೆಗೆದಿಟ್ಟಿದ್ದ ಒಂದು ತಕಿಹಿ ಪೊಟ್ಟಣ, ಅದು ನಿಮ್ಮ ಕ್ಯಾಮೆರಾದವನ ಹೊಟ್ಟೇಲಿದೆ" ಅಂದೆ. ಕ್ಯಾಮೆರಾದವನು ನಕ್ಕದ್ದಕ್ಕೆ ಚಿತ್ರವೆಲ್ಲ ಅಲುಗಾಡಿ ಹಾಳಾಯಿತಂತೆ. ಜಾರೆಡ್ ನಗಲಿಲ್ಲ. ತಲೆ ತಗ್ಗಿಸಿ ಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದ.

ಅವನನ್ನು ಪೂರ್ತಿ ಹಳಿಯಲಾರೆ. ಬಾಳೆಲೆಯ ಬದಲು ಬೆಳ್ಳಿಹಾಳೆ, ಹಿಂಡಿದ ಹಾಲಿನ ಬದಲು ಡಬ್ಬಿ ಹಾಲು ಎಂದು ಅವನು ಕ್ಯಾಮೆರಾಕ್ಕೆ ಹೇಳಿದಾಗ, "ಹಾಗೆ ಮಾಡಿದ್ದಕ್ಕೆ ತಕಿಹಿ ಅಂತ ಹೆಸರಿಡಬೇಡ" ಎಂದು ಗದರಿದೆ. ಅವನು ಮೆಲ್ಲಗೆ, "ಅತ್ತೆ, ಆಕ್ಲೆಂಡಲ್ಲಿ ನಮ್ಮೋರೇ ಫ್ಲಾಟಲ್ಲಿ ಇರ್ತಾರೆ. ಬಾಳೆ ಗಿಡ ಎಲ್ಲಿ ನೆಡ್ಬೇಕು? ಡಬ್ಬೀಲಾದ್ರೂ ಮಾಡ್ಲಿ ಅಂತ" ಅಂದ. ನನಗೆ ಎಸೆತಾಳ ಅಡುಗೆಮನೆ ಕಣ್ಣಿಗೆ ಬಂತು. ಆದರೆ ಒಳ್ಳೆಯ ಮಾತಾಡುವವರನ್ನು ಕಂಡರೇ ನನಗೆ ಹೆಚ್ಚು ಭಯ, ನಿನಗೆ ಗೊತ್ತು.

ನಿನ್ನೆ ನಡೆದದ್ದನ್ನು ಗಮನವಿಟ್ಟು ಓದು. ಬೆಳಿಗ್ಗೆಯೇ ಗುಂಡಿಯಲ್ಲಿ ಬೆಂಕಿ ಹಾಕಿ ಉಮು ಒಲೆಯ ಕಲ್ಲು ಕಾಯಲು ಬಿಟ್ಟಿದ್ದೆವು. ನಾನು ಕೆಸುವು, ಪರಂಗಿ ಪದರ ಪದರವಾಗಿ ಜೋಡಿಸಿ ಹಾಲು ಸುರಿದೆ. ಎಲೆ ಕಟ್ಟುವುದನ್ನು ಮಾತ್ರ ಬೇಕೆಂದೇ ಊರವರ ಹಾಗೆ ತೋರಿಸಿದೆ, ನಾಲ್ಕೂ ತುದಿ ಒಟ್ಟು ಮಾಡಿ, ಗಂಟಿನ ಹಾಗೆ ಮೇಲಕ್ಕೆತ್ತಿ, ನಾರು ಸುತ್ತಿ. ನಮ್ಮ ಮನೆಯವರದೇ ಆದ ಎಲೆ ಮಡಿಕೆಯನ್ನು ಟಿವಿಗೆ ಯಾಕೆ ಕೊಡಲಿ? ನಾನು ಕಟ್ಟಿದ್ದನ್ನು ನೋಡಿ ಅವನು ತನ್ನ ಎಲೆ ತೆಗೆದುಕೊಂಡ. ಏನೋ ಯೋಚಿಸುತ್ತ, ಬಾಯಿಯಲ್ಲಿ ಕ್ಯಾಮೆರಾಕ್ಕೆ ಏನೇನೋ ಹೇಳುತ್ತ, ಕೈ ಮಾತ್ರ ತನ್ನ ಪಾಡಿಗೆ ತಾನು ನಡೆಯಿತು. ಎಡದ ಅಂಚು ಒಳಕ್ಕೆ, ಅದರ ಮೇಲೆ ಬಲದ್ದು, ತುದಿಗಳನ್ನು ಹೆಬ್ಬೆರಳಿನಿಂದ ಒಳಗೆ ತುರುಕಿ, ಒಂದು ನಾರೂ ಇಲ್ಲದೆ ಬೋರಲು ಹಾಕಿಬಿಟ್ಟ. ಒಂದು ತೊಟ್ಟು ಹಾಲು ಸೋರಲಿಲ್ಲ. ವಿಲಿಟಾಮ, ಅದು ನಿನ್ನ ಅಮ್ಮನ ಮಡಿಕೆ! ಅದನ್ನು ಕಲಿಯಲು ಈ ಮನೆಯ ಸೊಸೆಯಾಗಿ ನನಗೆ ವರ್ಷಗಳೇ ಬೇಕಾದವು. ನಿನ್ನ ತಂಗಿಗೆ ಇವತ್ತಿಗೂ ಬರುವುದಿಲ್ಲ. ಇಷ್ಟು ದಿನ ಇವನು ಸುಳ್ಳು ನೆಂಟನೆಂದು ಹೆದರಿದ್ದೆ. ನಿಜವಾದ ನೆಂಟನೇ ಆಗಿದ್ದರೆ ಹೆದರಿಕೆ ಇನ್ನೂ ದೊಡ್ಡದಲ್ಲವೇ? ಸುಳ್ಳು ನೆಂಟನನ್ನು ಗೇಟಿನಾಚೆ ದಬ್ಬಬಹುದು. ನಿಜವಾದವನಿಗೆ ನೆಲದಲ್ಲಿ ಪಾಲಿದೆ.

"ಈ ಮಡಿಕೆ ಯಾರು ಕಲಿಸಿದ್ದು?" ಎಂದು ಕೇಳಿದೆ. ದನಿ ಜೋರಾಗಿತ್ತೇನೋ, ಹಂದಿಗಳೂ ಸುಮ್ಮನಾದವು. ಫಿಲಿಪಾ ಕ್ಯಾಮೆರಾದವನಿಗೆ ನಿಲ್ಲಿಸಬೇಡ, ಹತ್ತಿರ ಹೋಗು ಎಂದು ಕೈಸನ್ನೆ ಮಾಡಿದಳು. ಜಾರೆಡ್ ನನ್ನ ಮುಖ ನೋಡಿದ, ತನ್ನ ಕೈ ನೋಡಿಕೊಂಡ, ಆಮೇಲೆ ಎದ್ದು ಹಾಲು ಮೆತ್ತಿದ ಅಂಗೈಯನ್ನು ಕ್ಯಾಮೆರಾದ ಕಣ್ಣಿಗೇ ಒತ್ತಿಬಿಟ್ಟ. "ಇದು ಟಿವಿಗಲ್ಲ" ಅಂದ. ಫಿಲಿಪಾ ಕಿರುಚಾಡಿದಳು. ಕಾರ್ಯಕ್ರಮದ ಜೀವವೇ ಇದು, ಇದಕ್ಕೇ ಅಲ್ಲವೇ ಇಷ್ಟು ದೂರ ಬಂದದ್ದು ಅಂದಳು. ಅವನು ಜಗ್ಗಲಿಲ್ಲ. ಸಮುದ್ರದ ಅಲೆಗಳ ಚಿತ್ರ ತೆಗೆದುಕೊಂಡು ಬನ್ನಿ ಎಂದು ಎಲ್ಲರನ್ನೂ ಬಂಡೆಗಳ ಕಡೆಗೆ ಅಟ್ಟಿದ.

ಆಮೇಲೆ ನಾವಿಬ್ಬರೇ ಪೊಟ್ಟಣಗಳನ್ನು ಕಲ್ಲಿನ ಮೇಲಿಟ್ಟು, ಎಲೆ ಹೊದಿಸಿ, ಮಣ್ಣು ಮುಚ್ಚಿ ಕುಳಿತೆವು. ನಾನು ಸುತ್ತಿ ಬಳಸಿ ಕೇಳುವವಳಲ್ಲ. "ನಿನಗೆ ನಮ್ಮ ಜಾಗ ಬೇಕಾ?" ಅಂದೆ. ಇಲ್ಲ ಅನ್ನುತ್ತಾನೆಂದು ಕಾದೆ. "ಹೌದು ಅತ್ತೆ, ಬೇಕು" ಅಂದ.

"ಎಷ್ಟು?"

"ಒಬ್ಬರು ಮಲಗೋವಷ್ಟು."

ಅವನ ಅಜ್ಜಿಯ ಹೆಸರು ಲೆಪೆಕಾ. ನಿನ್ನ ಅಮ್ಮನ ಒಡಹುಟ್ಟಿದ ತಂಗಿ. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಗ ಯಾರಿಗೂ ಹೇಳದೆ ಹಡಗು ಹತ್ತಿ ಹೋದವಳು. ಆ ಹೆಸರು ಯಾರ ಬಾಯಲ್ಲಾದರೂ ಬಂದರೆ ನಿನ್ನ ಅಮ್ಮ ಊಟ ಬಿಟ್ಟು ಎದ್ದುಹೋಗುತ್ತಿದ್ದರು ಎಂದು ನೀನೇ ಒಮ್ಮೆ ಹೇಳಿದ್ದೆ, ಆಮೇಲೆ ಇಬ್ಬರೂ ಮರೆತೆವು. ನಾನು ಈವರೆಗೆ ನಿನಗೆ ಹೇಳಿರದ ಒಂದು ಮಾತಿದೆ. ಕೊನೆಯ ಜ್ವರದಲ್ಲಿ ನಾನು ಗಂಜಿ ಕುಡಿಸುವಾಗ ಅವರು ನನ್ನ ಕೈ ಹಿಡಿದು "ಲೆಪೆಕಾ, ತಿಂದೆಯಾ?" ಎನ್ನುತ್ತಿದ್ದರು. ಜ್ವರಕ್ಕೆ ಬೈಬಲಿನ ಹೆಸರು ಬಡಬಡಿಸುತ್ತಿದ್ದಾರೆ ಎಂದುಕೊಂಡಿದ್ದೆ. ಆ ಲೆಪೆಕಾ ಇನ್ನೂ ಬದುಕಿದ್ದಾಳಂತೆ, ಆಕ್ಲೆಂಡಿನಲ್ಲೇ. ಈಗ ಕಣ್ಣು ಮಂಜು. ಮೊಮ್ಮಗನಿಗೆ ಎಲೆ ಮಡಿಸುವುದನ್ನು ಕಲಿಸಿದ್ದು ಅವಳೇ. ಅಲ್ಲಿ ಬಾಳೆಲೆ ಸಿಗದೆ ಸುದ್ದಿಪತ್ರಿಕೆಯ ಹಾಳೆಯಲ್ಲಿ ಕಲಿಸಿದಳಂತೆ. ಅಲ್ಲಿಯ ಸ್ಮಶಾನದ ಮಣ್ಣು ಕೆಸರು, ತಣ್ಣಗಿರುತ್ತೆ, ನನ್ನನ್ನು ಲಿಕುವಿನ ಕಲ್ಲಿನಲ್ಲೇ ಮಲಗಿಸಿ, ಅಕ್ಕನ ಕಾಲ ಬುಡವಾದರೂ ಪರವಾಗಿಲ್ಲ ಎಂದು ಅವಳದು ಒಂದೇ ಹಟವಂತೆ.

ನಾನು ಕರಗಿಬಿಟ್ಟೆ ಎಂದುಕೊಳ್ಳಬೇಡ. "ಮೊದಲು ಒಂದು ಸಮಾಧಿ. ಆಮೇಲೆ ಅದಕ್ಕೊಂದು ನೆರಳು, ಆಮೇಲೆ ನೋಡಿಕೊಳ್ಳೋಕೆ ಬಂದೋರಿಗೆ ಒಂದು ಕೋಣೆ. ಈ ಊರಲ್ಲಿ ಮನೆಗಳು ಹುಟ್ಟೋದು ಹೀಗೇ ಕಣಪ್ಪ" ಅಂದೆ. ಅವನು ಹೂಂ ಅಂದ. "ಅದಕ್ಕೇ ಬಾಯಿಬಿಟ್ಟು ಕೇಳೋಕೆ ಹೆದರಿದೆ. ಟಿವಿಯವ್ರಿಗೆ ಅಡುಗೆ ಅಂದೆ, ನಿಮಗೆ ಟಿವಿ ಅಂದೆ. ಎರಡೂ ಸುಳ್ಳಲ್ಲ ಅತ್ತೆ, ಆದ್ರೆ ಎರಡೂ ಪೂರ್ತಿ ಅಲ್ಲ" ಅಂದ. ಅವನು ಅಳುತ್ತಿದ್ದಾನೆಯೇ ಎಂದು ನೋಡಿದೆ. ಹೊಗೆಗೋ ಏನೋ, ಕಣ್ಣು ಕೆಂಪಾಗಿತ್ತು. ದಿನವಿಡೀ ಕ್ಯಾಮೆರಾ ಮುಂದೆ ನಿಲ್ಲುವವರಿಗೆ ಬೇಕೆಂದಾಗ ಅಳಲೂ ಬರುತ್ತದೋ ಏನೋ, ಯಾರಿಗೆ ಗೊತ್ತು. ಬಂಡೆಯ ಕಡೆಯಿಂದ ಬಂದ ಫಿಲಿಪಾ, "ಆಗ ಕೇಳಿದ್ರಲ್ಲ, ಅದನ್ನೇ ಅಷ್ಟೇ ಜೋರಾಗಿ ಇನ್ನೊಂದ್ಸಲ ಕೇಳ್ತೀರಾ?" ಅಂದಳು. "ನನ್ನ ಬಾಯೇನು ನಲ್ಲಿನಾ, ತಿರುಗಿಸಿದಾಗ ಬರೋಕೆ?" ಎಂದು ಒಳಗೆ ನಡೆದೆ.

ಸಂಜೆ ಉಮು ಬಿಚ್ಚಿದೆವು. ಅವನ ಪೊಟ್ಟಣ ಚೆನ್ನಾಗಿಯೇ ಬೆಂದಿತ್ತು, ಹಾಲು ಕೆನೆಗಟ್ಟಿ ಪರಂಗಿಯೊಳಗೆ ಇಳಿದಿತ್ತು. ತಿವಾ ಎರಡು ಸಲ ಹಾಕಿಸಿಕೊಂಡಳು. ಅವಳ ಸಂಶಯವೆಲ್ಲ ಅಲ್ಲಿಗೆ ಮುಗಿಯಿತು. ನನ್ನದು ಅರ್ಧ ಉಳಿದಿದೆ. ಜಾರೆಡ್‌ಗೆ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ನೆಲ ಕಾಯುವವನು ನೀನು, ಲೆಪೆಕಾ ನಿನ್ನ ಚಿಕ್ಕಮ್ಮ, ಮಾತು ನಿನ್ನದು. ನನ್ನನ್ನು ಕೇಳಿದರೆ, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಹೋದದ್ದು ಸಣ್ಣ ತಪ್ಪಲ್ಲ. ಆದರೆ ನಿನ್ನ ಅಮ್ಮ ಕೊನೆಗೆ ಕರೆದದ್ದು ನನ್ನನ್ನಲ್ಲ, ನಿನ್ನನ್ನೂ ಅಲ್ಲ, ಅವಳನ್ನು. ಅದನ್ನೂ ಲೆಕ್ಕಕ್ಕೆ ಇಟ್ಟುಕೋ.

ಈ ಪತ್ರವನ್ನು ನಾಳೆಯ ವಿಮಾನದಲ್ಲಿ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆಯ ಅಂಟು ಎಲ್ಲಾದರೂ ಎದ್ದಿದ್ದರೆ ಮರೆಯದೆ ತಿಳಿಸು. ಎಸೆತಾಳಿಗೂ ಮಕ್ಕಳಿಗೂ ನನ್ನ ಮುತ್ತು. ದೇವರು ನಿನ್ನ ರಕ್ತವನ್ನು ಆ ಯಂತ್ರದ ಕೈಗೆ ಪೂರ್ತಿ ಬಿಡದೆ ತಾನೂ ಒಂದು ಕೈ ಹಾಕಿರಲಿ.

ನಿನ್ನ ಮನೆಯನ್ನು ಬೆಚ್ಚಗಿಟ್ಟಿರುವ,
ಮೊಕಾ

ತಡೆ, ಇನ್ನೂ ಇದೆ: ಲಕೋಟೆ ಅಂಟಿಸಲು ಹೊರಟಿದ್ದೆ, ಅಷ್ಟರಲ್ಲಿ ಜಾರೆಡ್ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. ಲೆಪೆಕಾ ಬರುವುದು ನಿನ್ನ ಚರ್ಚಿಗೇ ಅಂತೆ. ನೀನು ಅಲ್ಲಿಗೆ ಹೋಗಲು ಶುರು ಮಾಡಿದಾಗಿನಿಂದ ಪ್ರತಿ ಭಾನುವಾರವೂ ನಿನ್ನ ಹಿಂದಿನ ಸಾಲಿನಲ್ಲೇ ಕೂರುತ್ತಾಳಂತೆ. ನಿನ್ನ ಹಾಡಿನಲ್ಲಿ ಅಕ್ಕನದೇ ದನಿ ಕೇಳಿ ಅವಳ ಮಗ ಎಂದು ಗುರುತು ಹಿಡಿದಳಂತೆ. ಮಾತಾಡಿಸಲು ಧೈರ್ಯ ಸಾಲದೆ ಕೊನೆಯ ಪ್ರಾರ್ಥನೆಗೆ ಮೊದಲೇ ಮೊಮ್ಮಗಳ ತೋಳು ಹಿಡಿದು ಎದ್ದುಹೋಗುತ್ತಾಳಂತೆ. ನೆಲದ ವಿಷಯ ಆಮೇಲೆ ಯೋಚಿಸಿದರಾಯಿತು. ಈ ಭಾನುವಾರ, ಅವಳು ಏಳುವ ಮೊದಲು, ಹಿಂದೆ ತಿರುಗಿ ನೋಡು.